ಡಿಸ್ಚಾರ್ಜ್ ಬುಕ್ಕಿನಲ್ಲಿ ನನ್ನ ಹೆಸರು

ನಾನು ನನ್ನ ತಂಗಿಯ ಗಂಡನ ಹೆಂಡತಿಯಲ್ಲ ಎಂದು ಛಾಪಾ ಕಾಗದದ ಮೇಲೆ ಬರೆದುಕೊಡಬೇಕಾದ ಪ್ರಸಂಗ ನನಗೆ ಐವತ್ತೈದನೇ ವಯಸ್ಸಿನಲ್ಲಿ ಬಂತು. ಬೇಕಾಗಿದ್ದದ್ದು ಒಂದು ಸಹಿ, ಅಷ್ಟೇ. ಅದನ್ನು ಹಾಕಲು ನಾನು ನಾಲ್ಕು ದಿನ ತೆಗೆದುಕೊಂಡೆ. ಆ ನಾಲ್ಕು ದಿನ ಅವಳು ಕುಮಾರಸ್ವಾಮಿ ಲೇಔಟಿನ ತನ್ನ ಮನೆಯಲ್ಲಿ ಮಲಗಲಾರದೆ ಕೂತೇ ನಿದ್ದೆ ಮಾಡುತ್ತಿದ್ದಳು. ಯಾಕೆ ತಡ ಮಾಡಿದೆ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಮಂಡಿನೋವು, ಮನೆಗೆ ನೆಂಟರು ಬಂದಿದ್ದರು ಎಂದು ಏನಾದರೂ ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಇಲ್ಲಿ ನಿಜ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚು. ಬೇರೆ ಏನೂ ಅಲ್ಲ.

ಅವಳ ಗಂಡ ಮಾಜಿ ಸೈನಿಕ. ಹವಾಲ್ದಾರ್ ಆಗಿ ರಿಟೈರ್ ಆಗಿ ಬಂದವರು. ಸೈನಿಕರಿಗೆ ಸರ್ಕಾರ ಏನೇನು ಕೊಡುತ್ತದೆ ಎಂದು ಆ ಆಫೀಸಿನವರಿಗಿಂತ ಚೆನ್ನಾಗಿ ನಾನು ಹೇಳಬಲ್ಲೆ, ಯಾಕೆಂದರೆ ಒಂದೊಂದು ಬಂದಾಗಲೂ ಕತ್ರಿಗುಪ್ಪೆಯಲ್ಲಿ ಕೂತ ನನಗೆ ಅದರ ಬಿಸಿ ತಟ್ಟಿದೆ. ಮೊದಲು ಬಂದದ್ದು ಸೈಟು. ಮಾಜಿ ಸೈನಿಕರ ಕೋಟಾದಲ್ಲಿ, ಕುಮಾರಸ್ವಾಮಿ ಲೇಔಟಿನಲ್ಲಿ, ಮೂಲೆ ಸೈಟು. ನಾವು ಮೂರು ಸಲ ಅರ್ಜಿ ಹಾಕಿ ಮೂರು ಸಲವೂ ಬಾಯಿ ಬಿಟ್ಟುಕೊಂಡು ಕೂತವರು. ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ತಿಂದು ಬಂದೆ. ಹೋಳಿಗೆ ಚೆನ್ನಾಗಿತ್ತು, ಅದಕ್ಕೂ ಸಂಕಟವಾಯಿತು.

ಆಮೇಲೆ ಕೆಲಸ. ಮಾಜಿ ಸೈನಿಕರಿಗೆಂದು ತೆಗೆದಿಟ್ಟ ಹುದ್ದೆಗೆ ಪರೀಕ್ಷೆ ಬರೆದು ಒಂದು ಸರ್ಕಾರಿ ಇಲಾಖೆಯಲ್ಲಿ ಗುಮಾಸ್ತರಾದರು. ಅದೇ ಪರೀಕ್ಷೆಯನ್ನು ನನ್ನ ಯಜಮಾನರೂ ಯಾವ ಕೋಟಾವೂ ಇಲ್ಲದೆ ಬರೆದಿದ್ದರು. ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಇವತ್ತು ಮುಚ್ಚುತ್ತೆ ನಾಳೆ ಮುಚ್ಚುತ್ತೆ ಎನ್ನುವ ಸ್ಥಿತಿಯಲ್ಲಿದ್ದ ಕಾಲ ಅದು. ಪಟ್ಟಿ ಬಂದಾಗ ಇವರ ನಂಬರು ಇರಲಿಲ್ಲ. ಕಾರ್ಖಾನೆ ಮುಚ್ಚಿತು. ಇವರು ಒಂದು ಕಲ್ಯಾಣ ಮಂಟಪದ ಸ್ಟೋರ್ ನೋಡಿಕೊಳ್ಳುವ ಕೆಲಸ ಹಿಡಿದರು, ಇವತ್ತಿಗೂ ಮೈಯೆಲ್ಲ ಸಾಂಬಾರಿನ ವಾಸನೆ ಹೊತ್ತು ಮನೆಗೆ ಬರುತ್ತಾರೆ.

ಆಮೇಲೆ ಅವಳ ಮಗಳಿಗೆ ಸೈನಿಕರ ಮಕ್ಕಳ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು. ನನ್ನ ಮಗನ ರ‍್ಯಾಂಕು ಅವಳಿಗಿಂತ ಮುಂದಿತ್ತು, ಅವನು ಡಿಪ್ಲೊಮಾ ಸೇರಿದ. ಮನೆ ಕಂದಾಯದಲ್ಲಿ ರಿಯಾಯಿತಿ. ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ. ತಿಂಗಳಿಗೊಮ್ಮೆ ಮಿಲಿಟರಿ ಕ್ಯಾಂಟೀನಿಗೆ ಹೋಗಿ ಬರುವುದು, ಆಟೊದಿಂದ ಚೀಲ ಇಳಿಸುವುದು. ಅದರಲ್ಲಿ ರಮ್ಮಿನ ಬಾಟಲಿಯೂ ಇರುತ್ತಿತ್ತು. ಅವರು ಕುಡಿಯುವವರಲ್ಲ. ಪ್ಲಂಬರ್ ಬಂದರೆ ಒಂದು, ಮೀಟರ್ ನೋಡುವವನಿಗೆ ಒಂದು. ದೀಪಾವಳಿಗೆ ನಮ್ಮ ಯಜಮಾನರಿಗೂ ಒಂದು ಕೊಡುತ್ತಿದ್ದರು. ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡ ಮನುಷ್ಯ ಅದನ್ನು ಪಂಚೆಯಲ್ಲಿ ಸುತ್ತಿ ತಂದು ಗ್ಯಾಸ್ ಸಿಲಿಂಡರ್ ಹಿಂದೆ ಬಚ್ಚಿಡುತ್ತಿದ್ದರು. ನಾನು ಕಂಡೂ ಕಾಣದವಳಂತೆ ಸಿಲಿಂಡರ್ ಸುತ್ತ ಗುಡಿಸುತ್ತಿದ್ದೆ.

ಇನ್ನು ಲೇಔಟಿನ ಸಂಘದವರು ಪ್ರತಿ ರಾಜ್ಯೋತ್ಸವಕ್ಕೆ ಮಾಡುವ ಸನ್ಮಾನ. ಪೇಟ, ಶಾಲು, ಹಣ್ಣಿನ ಬುಟ್ಟಿ. ಪಕ್ಕದಲ್ಲಿ ನನ್ನ ತಂಗಿ ರೇಷ್ಮೆ ಸೀರೆ ಉಟ್ಟು, ಅವಳೇ ಗಡಿ ಕಾದು ಬಂದವಳ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದಳು. ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತ ನಾನು. ಸರ್ಕಾರದಿಂದ ನನಗೆ ಸಿಕ್ಕಿದ್ದು ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಆ ಪಿಂಕ್ ಟಿಕೆಟ್ ಒಂದೇ. ಅದೂ ಅವಳಿಗೂ ಸಿಗುತ್ತೆ.

ಇವೆಲ್ಲ ಸಹಿಸಿದ್ದೆ. ಸಹಿಸಲಾಗದೆ ಹೋದದ್ದು ಆಸ್ಪತ್ರೆ ಕಾರ್ಡು. ನಮ್ಮ ಯಜಮಾನರಿಗೆ ಕಿಡ್ನಿಯಲ್ಲಿ ಕಲ್ಲಾಗಿ ನಾನು ಒಡವೆ ಬಿಚ್ಚಿಕೊಟ್ಟ ವಾರ ಅವಳು ನೋಡಲು ಬಂದಿದ್ದಳು. ಬಂದವಳು ಮಂಚದ ತುದಿಯಲ್ಲಿ ಕೂತು, "ನಮಗೆ ಕಾರ್ಡಿದೆ ಅಕ್ಕ, ಎಂಥ ದೊಡ್ಡಾಸ್ಪತ್ರೆಗೆ ಹೋದ್ರೂ ತೋರ್ಸಿದ್ರೆ ಸಾಕು. ನಿಮಗೆ ಪಾಪ ಎಷ್ಟು ಕಷ್ಟ ನೋಡು" ಎಂದಳು. ಆ 'ಪಾಪ' ನನ್ನ ಎದೆಗೆ ನಾಟಿ ಹಾಗೇ ಉಳಿಯಿತು. ನಾನು ಕಾಫಿ ಕೊಟ್ಟೆ. ಸಕ್ಕರೆ ಹಾಕಲಿಲ್ಲ.

ಇಷ್ಟು ಹೊಟ್ಟೆ ಉರಿಯಲು ಒಂದು ಕಾರಣವಿತ್ತು. ಆ ಸೈನಿಕ ಮೊದಲು ನನಗೆ ಗೊತ್ತಾಗಿದ್ದ ಗಂಡು.

ಆಗ ನಮ್ಮಪ್ಪನ ಮನೆ ಅರೆಕೆರೆಯಲ್ಲಿತ್ತು. ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸಿಳಿದರೆ ರಾಗಿ ಹೊಲದ ಬದುವಿನ ಮೇಲೆ ನಡೆದು ಬರಬೇಕಾಗಿದ್ದ ಕಾಲ. ರಜೆಗೆ ಬಂದ ಅವರು ನನ್ನನ್ನು ನೋಡಿದರು, ಒಪ್ಪಿದರು, ತಾಂಬೂಲ ಬದಲಾಯಿತು. ರಜೆ ಮುಗಿದು ಹೋದರು. ಆರು ತಿಂಗಳಿಗೆ ಮದುವೆ ಎಂದು ದಿನ ಗೊತ್ತಾಯಿತು. ಆ ಆರು ತಿಂಗಳಲ್ಲಿ ನನ್ನ ಮನಸ್ಸು ಕೆಟ್ಟಿತು. ನಮ್ಮ ಬೀದಿಯಲ್ಲೇ ಇನ್ನೊಬ್ಬ ಸೈನಿಕನ ಹೆಂಡತಿ ಇದ್ದಳು. ಲಗ್ನಪತ್ರಿಕೆ ಕೊಡಲು ಅವಳ ಮನೆಗೆ ಹೋದ ದಿನವೇ ಅವಳ ಗಂಡ ರಜೆಗೆ ಬಂದಿದ್ದ. ಮೂರು ವರ್ಷದ ಅವರ ಮಗು ಅಪ್ಪನ ಹತ್ತಿರ ಹೋಗದೆ ಅಮ್ಮನ ಸೆರಗಿನಲ್ಲಿ ಬಚ್ಚಿಟ್ಟುಕೊಂಡು, "ಈ ಅಂಕಲ್ ಯಾವಾಗ ಹೋಗ್ತಾರೆ?" ಎಂದು ಕೇಳಿತು. ಗಂಡ ಹೆಂಡತಿ ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಮನೆಗೆ ಬಂದು, ನನಗೆ ಈ ಗಂಡು ಬೇಡ, ಸಂಜೆ ಐದೂವರೆಗೆ ಮನೆಗೆ ಬರುವ ಗಂಡ ಬೇಕು ಎಂದು ಊಟ ಬಿಟ್ಟು ಕೂತೆ. ಮದುವೆಗೆ ಎಂಟು ದಿನ ಉಳಿದಿತ್ತು. ಗಂಡು ಆಗಲೇ ರಜೆ ಹಾಕಿ ಊರಿಗೆ ಬಂದಾಗಿತ್ತು.

ಅಪ್ಪ ನನ್ನನ್ನು ಬೈಯಲಿಲ್ಲ. ಅಡಿಗೆಮನೆಯಲ್ಲಿ ಅವರೆಕಾಳು ಹಿಚುಕುತ್ತಿದ್ದ ತಂಗಿಯ ಹತ್ತಿರ ಹೋಗಿ, "ನೀನಾದ್ರೂ ನನ್ನ ಮರ್ಯಾದೆ ಉಳಿಸ್ತೀಯೇನಮ್ಮ?" ಎಂದರು. ಅವಳಿಗೆ ಇಪ್ಪತ್ತು. ಕೈಯಲ್ಲಿದ್ದ ಕಾಳನ್ನು ಬಟ್ಟಲಿಗೆ ಹಾಕಿ ತಲೆ ಆಡಿಸಿದಳು. ಗಂಡಿನ ಕಡೆಯವರೂ ಒಪ್ಪಿಕೊಂಡರು. ಮಂಟಪ ಅದೇ, ಮುಹೂರ್ತ ಅದೇ, ಸೀರೆಯೂ ನನಗೆಂದು ತಂದದ್ದೇ. ಹಂಚದೆ ಉಳಿದಿದ್ದ ಪತ್ರಿಕೆಗಳಲ್ಲಿ ನನ್ನ ಹೆಸರಿನ ಮೇಲೆ ಚೀಟಿ ಅಂಟಿಸಿ ಅವಳ ಹೆಸರು ಬರೆಯಬೇಕಾಯಿತು. ಗೋಂದು ಹಚ್ಚಿ ಅಂಟಿಸಿದವಳು ನಾನೇ. ಆಗ ನನಗೆ ಬಿಡುಗಡೆಯಾದಷ್ಟು ಖುಷಿ. ಮುಂದಿನ ವರ್ಷ ಕಾರ್ಖಾನೆಯ ಬಸ್ಸಿನಲ್ಲಿ ಐದೂವರೆಗೆ ಬಂದಿಳಿಯುವ ಗಂಡ ನನಗೂ ಸಿಕ್ಕರು.

ಅಂದಿನಿಂದ ತಂಗಿಯ ಗಂಡ ನನ್ನ ಜೊತೆ ಹೆಚ್ಚು ಮಾತಾಡಿದವರಲ್ಲ. ಹೆಂಡತಿಯ ಅಕ್ಕನನ್ನು ಅತ್ತಿಗೆ ಎಂದು ಕರೆಯಬೇಕು. ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ಕರೆಯಲಿಲ್ಲ. "ನೋಡಿ", "ಇಲ್ಲಿ ಸ್ವಲ್ಪ" ಎಂದು ಹೇಗೋ ಸಾಗಿಸುತ್ತಿದ್ದರು. ಬೇಡ ಎಂದವಳ ಮೇಲೆ ಸಿಟ್ಟಿರುತ್ತದೆ, ಇರಲಿ ಎಂದು ನಾನೂ ಸುಮ್ಮನಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರು ಒಬ್ಬರೇ ನಮ್ಮ ಮನೆಗೆ ಬಂದರು. ಯಜಮಾನರು ಮಂಟಪಕ್ಕೆ ಹೋಗಿದ್ದರು. ಬಾಗಿಲಲ್ಲೇ ನಿಂತು, "ಅತ್ತಿಗೆ, ಒಳಗೆ ಬರ್ಲಾ?" ಎಂದರು. ಏನೋ ದೊಡ್ಡದೇ ಬೇಕಾಗಿದೆ ಈ ಮನುಷ್ಯನಿಗೆ ಎಂದು ಗೊತ್ತಾಯಿತು.

ಕೂತರು. ನೀರು ಕೊಟ್ಟೆ. ಪ್ಲಾಸ್ಟಿಕ್ ಕವರಿನಿಂದ ಒಂದು ಹಳೆಯ ಪುಸ್ತಕ ತೆಗೆದು ಟೀಪಾಯಿಯ ಮೇಲಿಟ್ಟರು. ಸೈನ್ಯದಿಂದ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ಕು. ಸೈಟಿಗೂ ಕೆಲಸಕ್ಕೂ ಕ್ಯಾಂಟೀನಿಗೂ ಎಲ್ಲಕ್ಕೂ ಅದೇ ಮೂಲ. ಮೂಲೆ ಮಡಿಸಿದ್ದ ಒಂದು ಪುಟ ಬಿಚ್ಚಿ ನನ್ನ ಕಡೆ ತಿರುಗಿಸಿದರು. ಹೆಂಡತಿಯ ಹೆಸರು ಎನ್ನುವ ಕಡೆ ನನ್ನ ಹೆಸರಿತ್ತು. ನನ್ನ ಹೆಸರು, ಮುಂದೆ ನಮ್ಮಪ್ಪನ ಹೆಸರು, ಅರೆಕೆರೆ ವಿಳಾಸ.

"ಇದೇನಿದು?" ಎಂದೆ.

"ಮದುವೆಗೆ ರಜೆ ಕೇಳ್ದಾಗ ಹುಡುಗಿ ಹೆಸ್ರು ಬರ್ಕೊಡ್ಬೇಕಿತ್ತು. ಬರ್ಕೊಟ್ಟಿದ್ದೆ. ವಾಪಸ್ ಹೋದ್ಮೇಲೆ ಯೂನಿಟ್ ಕ್ಲಾರ್ಕು, ಮದುವೆ ಆಯ್ತಾ ಅಂದ. ಆಯ್ತು ಅಂದೆ. ಅವನು ಆ ಅರ್ಜಿ ನೋಡ್ಕೊಂಡು ಹಂಗೇ ದಾಖಲೆ ಮಾಡ್ಬಿಟ್ಟಿದಾನೆ. ನಂಗೆ ಗೊತ್ತಾಗೋ ಹೊತ್ಗೆ ವರ್ಷ ಆಗಿತ್ತು."

"ತಿದ್ದಿಸ್ಬೇಕಿತ್ತಲ್ಲ?"

"ಎರಡು ಮದುವೆ ಕೇಸ್ ಆಗತ್ತೆ ಅಂತ ಜೊತೆಯವ್ರು ಹೆದ್ರಿಸಿದ್ರು. ಇಲ್ಲಿ ಬಂದ್ಮೇಲೆ ಸೈನಿಕರ ಆಫೀಸಲ್ಲಿ ಕೇಳ್ದೆ. ಬುಕ್ಕಲ್ಲಿರೋ ಹೆಂಗಸೇ ಖುದ್ದು ಬಂದು, ನಾನು ಇವರ ಹೆಂಡ್ತಿ ಅಲ್ಲ ಅಂತ ಅಫಿಡವಿಟ್ ಕೊಡ್ಬೇಕು ಅಂದ್ರು." ಅವರು ನೀರಿನ ಲೋಟವನ್ನು ನೋಡುತ್ತಿದ್ದರು. "ನೀವು ಬೇಡ ಅಂದೋರು. ನಿಮ್ಮ ಮುಂದೆ ಬಂದು, ನಮ್ಮಲ್ಲಿ ಇನ್ನೂ ನಿಮ್ಮ ಹೆಸ್ರೇ ಇದೆ ಅಂತ ಹೆಂಗೆ ಹೇಳೋದು ಅತ್ತಿಗೆ?"

ಆಮೇಲೆ ಮುಖ್ಯ ಮಾತಿಗೆ ಬಂದರು. ತಂಗಿಯ ಹೃದಯದ ವಾಲ್ವ್ ಕೆಟ್ಟಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತದೆ. ಆಪರೇಷನ್ ಆಗಲೇಬೇಕು. ಜಯನಗರದ ಆಸ್ಪತ್ರೆಯವರು ಮುಂದಿನ ಸೋಮವಾರ ದಿನ ಕೊಟ್ಟಿದ್ದಾರೆ. ಸೈನಿಕರ ಕಾರ್ಡಿನಲ್ಲಿ ಮಾಡುತ್ತಾರೆ, ಜೊತೆಗೆ ಮಾಜಿ ಸೈನಿಕರ ಹೆಂಡತಿಗೆ ದೊಡ್ಡ ಕಾಯಿಲೆ ಬಂದರೆ ರಾಜ್ಯ ಸರ್ಕಾರದಿಂದ ಸಹಾಯವೂ ಇದೆ. ಆದರೆ ಎರಡಕ್ಕೂ ಅವಳು ಹೆಂಡತಿ ಎಂದು ದಾಖಲೆ ಬೇಕು.

"ಅವಳ ಕಾರ್ಡಿದೆಯಲ್ಲ?" ಎಂದೆ.

"ಎಲ್ಲಿದೆ? ನಂದೊಂದೇ ಇರೋದು. ಅವಳಿಗೆ ಯಾವತ್ತೂ ಇರ್ಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಪೆನ್ನು ಕೇಳುತ್ತಿದ್ದರು. ನನಗೆ ಮೊದಲು ಬಂದದ್ದು ನಗು. ಇಲ್ಲದ ಕಾರ್ಡಿನ ಜಂಬ ಕೊಚ್ಚಿ ನನ್ನನ್ನು 'ಪಾಪ' ಎಂದಳಲ್ಲ ಎಂದು ಒಳಗೊಳಗೇ ನಕ್ಕೆ. ನಗು ಮುಗಿಯುವ ಮೊದಲೇ ಮೈಯೆಲ್ಲ ಉರಿ ಎದ್ದಿತು. ಮೂವತ್ತೆರಡು ವರ್ಷ ಸರ್ಕಾರದ ಪುಸ್ತಕದಲ್ಲಿ ಸೈನಿಕನ ಹೆಂಡತಿ ನಾನು. ಮನೆಯಲ್ಲಿ ಮಿಕ್ಸಿ ತಿರುಗಿಸುತ್ತಿದ್ದವಳು ಅವಳು. "ಬಿಟ್ಟು ಹೋಗಿ, ನೋಡ್ತೀನಿ" ಎಂದೆ. ಟೈಪ್ ಮಾಡಿಸಿದ್ದ ಛಾಪಾ ಕಾಗದವನ್ನೂ ಆ ಪುಟದ ಜೆರಾಕ್ಸನ್ನೂ ಇಟ್ಟು ಅವರು ಎದ್ದರು. ಹೋಗುವಾಗ, "ಅವಳಿಗೆ ಈ ಹೆಸರಿನ ವಿಷಯ ಗೊತ್ತಿಲ್ಲ ಅತ್ತಿಗೆ. ಹೇಳ್ಬೇಡಿ" ಎಂದರು. ಒಂದೇ ದಿನದಲ್ಲಿ ಎಷ್ಟು ಸಲ ಅತ್ತಿಗೆ ಆದೆ ಎಂದು ಲೆಕ್ಕ ತಪ್ಪಿತ್ತು.

ಅದು ಬುಧವಾರ. ಕಾಗದವನ್ನು ಅಕ್ಕಿ ಡಬ್ಬದ ಕೆಳಗಿಟ್ಟೆ. ಯಜಮಾನರಿಗೆ ಹೇಳಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಆ ಜೆರಾಕ್ಸ್ ತೆಗೆದು ನೋಡುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನೋಡಲು ಚೆನ್ನಾಗಿತ್ತು. ಆ ಮನುಷ್ಯನ ಮೇಲೆ ನನಗೆ ಅಂದೂ ಏನಿರಲಿಲ್ಲ, ಇಂದೂ ಏನಿಲ್ಲ. ಆದರೆ ಕಾರ್ಖಾನೆ ಮುಚ್ಚಿದ, ಒಡವೆ ಮಾರಿದ, ಸಾಂಬಾರಿನ ವಾಸನೆಯ ಈ ಬದುಕಿನ ಪಕ್ಕದಲ್ಲಿ ನನ್ನದೇ ಇನ್ನೊಂದು ಬದುಕು ಸರ್ಕಾರಿ ಶಾಯಿಯಲ್ಲಿ ನಡೆಯುತ್ತಿತ್ತಲ್ಲ. ಅದರಲ್ಲಿ ನನಗೆ ಮೂಲೆ ಸೈಟಿತ್ತು, ನನ್ನ ಮಗನಿಗೆ ಸೀಟಿತ್ತು, ರಾಜ್ಯೋತ್ಸವದ ವೇದಿಕೆಯಲ್ಲಿ ಕುರ್ಚಿಯಿತ್ತು. ಅಫಿಡವಿಟ್ಟಿನಲ್ಲಿ ಏನು ಬರೆದಿತ್ತು ಗೊತ್ತೆ? ಸದರಿಯವರಿಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ, ಇರಲಿಲ್ಲ, ಸದರಿಯವರಿಂದ ಬರುವ ಯಾವ ಸೌಲಭ್ಯದ ಮೇಲೂ ನನಗೆ ಹಕ್ಕಿರುವುದಿಲ್ಲ. ಈ ಹಕ್ಕಿರುವುದಿಲ್ಲ ಎನ್ನುವಲ್ಲಿಗೆ ಬಂದಾಗಲೆಲ್ಲ ನಾನು ಕಾಗದ ಮಡಿಸಿ ಮತ್ತೆ ಡಬ್ಬದ ಕೆಳಗಿಡುತ್ತಿದ್ದೆ.

ಗುರುವಾರ ಅವಳೇ ಫೋನ್ ಮಾಡಿದಳು. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆಯುತ್ತಿದ್ದಳು. "ಸೋಮವಾರ ಆಪರೇಷನ್ ಅಕ್ಕ... ನಮಗೇನು ಬಿಡು... ಕಾರ್ಡಿದೆ. ಒಂದು ರೂಪಾಯಿ ಕೈಯಿಂದ ಹೋಗಲ್ಲ."

ನಿನ್ನ ಕಾರ್ಡು ನನ್ನ ಅಕ್ಕಿ ಡಬ್ಬದ ಕೆಳಗಿದೆ ಕಣೇ ಎಂದು ನಾಲಿಗೆ ತುದಿಗೆ ಬಂದಿತ್ತು. "ಪುಣ್ಯವಂತೆ ನೀನು" ಎಂದು ಇಟ್ಟುಬಿಟ್ಟೆ. ಇಲ್ಲದ್ದನ್ನೂ ಇಷ್ಟು ಜಂಬದಿಂದ ಹೇಳುವವಳ ಕೈಗೆ ನಿಜವಾದದ್ದೇ ಸಿಕ್ಕರೆ ಇವಳನ್ನು ಹಿಡಿಯುವವರು ಯಾರು? ಶುಕ್ರವಾರ ಅವಳ ಗಂಡನ ಫೋನ್ ಎರಡು ಸಲ ಬಂತು, ನಾನು ಎತ್ತಲಿಲ್ಲ. ಕಾಗದ ಒಪ್ಪಿಸಲು ಅವತ್ತೇ ಕೊನೆಯ ದಿನವಾಗಿತ್ತು, ಶನಿವಾರ ಭಾನುವಾರ ಆಫೀಸಿಗೆ ರಜೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಮೆಸೇಜು ಬಂತು. 'ಅತ್ತಿಗೆ, ಸೋಮವಾರದ ದಿನ ತಪ್ಪಿತು. ಇನ್ನು ಮೂರು ವಾರ ಆದ್ಮೇಲೆ ಅಂತೆ.' ಅಷ್ಟೇ. ಯಾಕೆ ಫೋನ್ ಎತ್ತಲಿಲ್ಲ ಎಂದು ಕೇಳಿರಲಿಲ್ಲ. ಬೈದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ, ಜಗಳ ನನಗೆ ಚೆನ್ನಾಗಿ ಬರುತ್ತೆ. ಬೈಯದಿದ್ದದ್ದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಕಾಗದವನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಸಹಿ ಹಾಕಲು ಹೊರಟಿದ್ದೆ ಎಂದು ಹೇಳಲಾರೆ. ಅವಳ ಮುಖ ನೋಡಬೇಕು ಅನ್ನಿಸಿತ್ತು.

ಬಾಗಿಲು ತೆಗೆದೇ ಇತ್ತು. ಅವಳ ಗಂಡ ಔಷಧಿ ಅಂಗಡಿಗೆ ಹೋಗಿದ್ದರಂತೆ. ನಡುಮನೆಯ ಮೂಲೆಯಲ್ಲಿ ಅವರ ಕಪ್ಪು ಕಬ್ಬಿಣದ ಟ್ರಂಕಿದೆ, ಬಿಳಿ ಬಣ್ಣದಲ್ಲಿ ಸೈನ್ಯದ ನಂಬರು ಬರೆದದ್ದು. ತಂಗಿ ನೆಲದ ಮೇಲೆ ಕೂತು, ಟ್ರಂಕಿನ ಮೇಲೆ ದಿಂಬಿಟ್ಟು, ಅದರ ಮೇಲೆ ತಲೆಯೊರಗಿಸಿ ನಿದ್ದೆ ಹೋಗಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೆ. ಕಾಲು ಊದಿ ಕಾಲುಂಗುರ ಬೆರಳಿನೊಳಗೆ ಹೂತುಹೋಗಿತ್ತು. ಬಾಯಿ ಅರೆ ತೆರೆದಿತ್ತು. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಹಿಂದೆ ನನ್ನ ಬೆನ್ನಿಗೊರಗಿ ಹೀಗೇ ನಿದ್ದೆ ಮಾಡುತ್ತಿದ್ದಳು. ಎಷ್ಟು ಹೊತ್ತು ನಿಂತಿದ್ದೆನೋ, ನನ್ನ ಬಳೆ ಸದ್ದಾಯಿತು. ಕಣ್ಣು ಬಿಟ್ಟಳು. ಬಿಟ್ಟವಳು ಮೊದಲು ಮಾಡಿದ್ದು ಸೆರಗು ಸರಿ ಮಾಡಿಕೊಂಡು ಕತ್ತು ನೆಟ್ಟಗೆ ಮಾಡಿದ್ದು.

"ಬಾ ಅಕ್ಕ... ಕ್ಯಾಂಟೀನಿಂದ... ಹೊಸ ಮಿಕ್ಸಿ ತಂದಿದಾರೆ... ನೋಡ್ಬಾ" ಎಂದಳು.

ಮೈಯಲ್ಲಿ ಉಸಿರಿಲ್ಲ, ಮಿಕ್ಸಿಗೆ ಉಸಿರಿದೆ. ನನಗೆ ಅಳು ಬಂತು, ಸಿಟ್ಟೂ ಬಂತು. "ಮಿಕ್ಸಿ ಮನೆ ಹಾಳಾಗ, ಸುಮ್ನೆ ಕೂತ್ಕೊಳೇ" ಎಂದು ಗದರಿ, ಬಂದ ಕಾಲಲ್ಲೇ ಹೊರಗೆ ಹೋದೆ. ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯ ಪಕ್ಕ ಒಬ್ಬ ನೋಟರಿ ಕೂರುತ್ತಾನೆ. ಅವನ ಮುಂದೆ ಸಹಿ ಹಾಕಿದೆ. ಕಾಗದ ಓದಿ ಅವನು ಕನ್ನಡಕದ ಮೇಲಿಂದ ನನ್ನನ್ನು ಎರಡು ಸಲ ನೋಡಿದ. "ಏನ್ ಮೇಡಂ, ಡೈವೋರ್ಸಾ?" ಎಂದ. "ಮದುವೇನೇ ಆಗಿಲ್ಲ ಕಣಪ್ಪ, ಸೀಲು ಹಾಕು" ಎಂದೆ.

ಸೋಮವಾರ ಮೂವರೂ ಸೈನಿಕರ ಆಫೀಸಿಗೆ ಹೋದೆವು. ಇಬ್ಬರು ಹೆಂಗಸರೂ ಖುದ್ದು ಬರಬೇಕು ಎಂದಿದ್ದರು. ಕಾರ್ಡಿಗೆ ನಿನ್ನ ಸಹಿ ಬೇಕಂತೆ, ಅಕ್ಕ ಸಾಕ್ಷಿಗೆ ಬರ್ತಾರೆ ಎಂದು ಅವರು ಅವಳಿಗೆ ಹೇಳಿ ಕರೆತಂದಿದ್ದರು. ಆಟೊದಲ್ಲಿ ಅವಳು ನಡುವೆ ಕೂತಿದ್ದಳು. ಆಫೀಸಿನಲ್ಲಿ ಆ ಕಾಗದವನ್ನು ಜೋರಾಗಿ ಓದಿದರೆ ಇವಳ ಕಿವಿಗೆ ಬೀಳುತ್ತದಲ್ಲ ಎಂದು ನನಗೂ ಅವರಿಗೂ ಒಂದೇ ಚಿಂತೆ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ಒಂದು ಗುಟ್ಟಿಗೆ ಪಾಲುದಾರರಾಗಿದ್ದೆವು.

ಟೇಬಲ್ಲಿನವರೂ ಹಳೆಯ ಸೈನಿಕರೇ. ದಪ್ಪ ಮೀಸೆ, ಇಸ್ತ್ರಿ ಮಾಡಿದ ಅಂಗಿ. ಕಾಗದ ತೆಗೆದುಕೊಂಡು ಒಂದಕ್ಷರ ಬಿಡದೆ ಜೋರಾಗಿಯೇ ಓದಿದರು. ಬುಕ್ಕಿನ ಆ ಪುಟ ತೆರೆದು ನನ್ನ ಕಡೆ ಬೆರಳು ಮಾಡಿ, "ಈ ಹೆಸರಿನೋರು ನೀವು. ಇವರ ಹೆಂಡ್ತಿ ಅಲ್ಲ. ಸರೀನಾ?" ಎಂದರು.

"ಅಲ್ಲ" ಎಂದೆ.

ಅವರು ತಂಗಿಯ ಕಡೆ ತಿರುಗಿದರು. "ಬುಕ್ಕಲ್ಲಿ ನಿಮ್ಮಕ್ಕನ ಹೆಸ್ರು ಇರೋದು ನಿಮಗೆ ಗೊತ್ತಿತ್ತೇನಮ್ಮ?"

ನಾನು ಕಣ್ಣು ಮುಚ್ಚಿಕೊಂಡೆ.

"ಗೊತ್ತಿತ್ತು ಸಾರ್" ಎಂದಳು ಅವಳು. "ಇವರು ಮಿಲಿಟರಿ ಬಿಟ್ಟು ಬಂದ ವಾರನೇ ನೋಡ್ದೆ. ಟ್ರಂಕಲ್ಲಿತ್ತು."

ಅವಳ ಗಂಡ ಗೋಡೆ ಹಿಡಿದುಕೊಂಡರು.

"ಅಷ್ಟು ವರ್ಷದಿಂದ ಗೊತ್ತಿದ್ದು ಯಾಕಮ್ಮ ತಿದ್ದಿಸ್ಲಿಲ್ಲ? ನಿಮ್ಮ ಆಸ್ಪತ್ರೆ ಕಾರ್ಡು ನಿಂತಿದ್ದೇ ಇದಕ್ಕಲ್ವಾ?"

ಅವಳು ಉಸಿರಿಗಾಗಿ ನಿಂತಳು. ಮಾತಿಗಾಗಿ ಅಲ್ಲ, ಮಾತು ಎಷ್ಟೋ ವರ್ಷದಿಂದ ತಯಾರಿತ್ತು. "ಅವರೇ ತಿದ್ದಿಸ್ತಾರೆ ಅಂತ ಕಾಯ್ತಿದ್ದೆ" ಎಂದಳು.

ಮೀಸೆಯವರು ಸ್ಕೇಲು ತೆಗೆದುಕೊಂಡು, ತಮ್ಮ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಮೇಲೆ ಅವಳ ಹೆಸರು ಬರೆದು ಸೀಲು ಒತ್ತಿದರು. ಬುಕ್ಕು ತಿದ್ದಿ ಬರುವವರೆಗೆ ಆಸ್ಪತ್ರೆಗೆ ತೋರಿಸಲು ಒಂದು ಚೀಟಿ ಕೊಟ್ಟರು, ಸಹಾಯಧನದ ಅರ್ಜಿಯನ್ನೂ ಅಲ್ಲೇ ತುಂಬಿಸಿಕೊಂಡರು. ಆ ಗೆರೆ ಎಳೆಯುವಾಗಲೂ ನನಗೆ ಸ್ವಲ್ಪ ಉರಿಯಿತು. ಸುಳ್ಳು ಯಾಕೆ ಹೇಳಲಿ.

ಹೊರಗೆ ಮರದ ಕೆಳಗಿನ ಕಟ್ಟೆಯಲ್ಲಿ ಅವಳನ್ನು ಕೂರಿಸಿ ಅವರು ಆಟೊ ತರಲು ಹೋದರು. ಸೊಂಟ ಬಗ್ಗಿಸಿಕೊಂಡು ಹೋಗುತ್ತಿದ್ದರು, ಅವರು ಹಾಗೆ ನಡೆದದ್ದನ್ನು ನಾನು ಕಂಡಿರಲಿಲ್ಲ. ನಾನು ಅವಳ ಪಕ್ಕದಲ್ಲಿ ಕೂತೆ.

"ಅವರು ಬೇಕಂತಲೇ ನಿನ್ನ ಹೆಸ್ರು ಇಟ್ಕೊಂಡಿದಾರೆ ಅನ್ಕೊಂಡಿದ್ದೆ ಅಕ್ಕ" ಎಂದಳು. "ನಿನ್ನನ್ನ ಕಂಡ್ರೆ ನಂಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?"

"ನನ್ನ ಕಂಡ್ರೆ? ಏನಿದೆಯೇ ನನ್ನ ಹತ್ರ?"

"ಅದಕ್ಕೇ ಅಷ್ಟೊಂದು ಜಂಬ ಮಾಡ್ತಿದ್ದೆ. ಕಾರ್ಡಿದೆ, ಕಾರ್ಡಿದೆ ಅಂತ. ನೀನು ಹೊಟ್ಟೆಕಿಚ್ಚು ಪಟ್ಕೊಂಡಾಗ ಮಾತ್ರ ನಾನೇ ಅವರ ಹೆಂಡ್ತಿ ಅನ್ನಿಸ್ತಿತ್ತು."

ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳ ಊದಿದ ಕಾಲನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ಆಫೀಸಿಗೆ ಹೋಗಿ ಬರುವವರೆಲ್ಲ ನೋಡುತ್ತಿದ್ದರು. ಆಟೊ ಬರುವವರೆಗೆ ಹಾಗೇ ಕೂತಿದ್ದೆವು.

ಆಪರೇಷನ್ ಮೂರು ವಾರ ತಡವಾಗಿ ಆಯಿತು. ಆ ಮೂರು ವಾರ ಅವಳು ಟ್ರಂಕಿನ ಮೇಲೆ ತಲೆಯಿಟ್ಟುಕೊಂಡೇ ನಿದ್ದೆ ಮಾಡಿದಳು. ಫೋನ್ ಬೇಕೆಂದೇ ಎತ್ತಲಿಲ್ಲ ಎಂದು ನಾನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ಅವಳ ಗಂಡನೂ ಹೇಳಿದ ಹಾಗಿಲ್ಲ. ಈಗಲೂ ನನ್ನನ್ನು ಅತ್ತಿಗೆ ಎಂದೇ ಕರೆಯುತ್ತಾರೆ, ಕರೆದಾಗಲೆಲ್ಲ ಆ ಶುಕ್ರವಾರದ ಫೋನು ಕಿವಿಯಲ್ಲಿ ರಿಂಗಾಗುತ್ತದೆ.

ಎರಡು ತಿಂಗಳ ಮೇಲೆ ನೋಡಲು ಹೋದೆ. ಮಂಚದ ಮೇಲೆ ಬೆನ್ನು ಚಾಚಿ ಮಲಗಿದ್ದಳು, ನಮ್ಮ ನಿಮ್ಮ ಹಾಗೆ. ನನ್ನನ್ನು ನೋಡಿ ದಿಂಬಿನ ಕೆಳಗಿನಿಂದ ಪ್ಲಾಸ್ಟಿಕ್ ಹೊದಿಕೆಯ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟಳು. ಅವಳ ಫೋಟೊ, ಅವಳ ಹೆಸರು, ಪಕ್ಕದಲ್ಲಿ 'ಪತ್ನಿ' ಎಂದಿತ್ತು. ನಾನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಫೋಟೊದಲ್ಲಿ ಕತ್ತು ನೆಟ್ಟಗಿತ್ತು.

"ಈಗ ಪಡು ಅಕ್ಕ ಹೊಟ್ಟೆಕಿಚ್ಚು" ಎಂದಳು. "ಈಗ ನಿಜವಾಗ್ಲೂ ಇದೆ."